ತಟ್ಟೆಯಲ್ಲಿ ಬಿಟ್ಟ ಪುಂಡಿಪಲ್ಯ

ಹೊಸಪೇಟೆ ಸ್ಟೇಷನ್ನಿನ ಹತ್ತಿರ, ಹಂಪಿ ನೋಡಲು ಬರುವವರಿಗೆ ಎರಡು ರೂಮು ಬಿಟ್ಟುಕೊಟ್ಟು ಊಟವನ್ನೂ ಹಾಕುವ ಗಂಗಮ್ಮನವರ ಮನೆಯಲ್ಲಿ ಇಳಿದುಕೊಂಡಿದ್ದೇನೆ. ಇಂದು ಮಧ್ಯಾಹ್ನ ಬಿಸಿ ಜೋಳದ ರೊಟ್ಟಿ, ಹುಳಿ ಸೊಪ್ಪಿನ ಪುಂಡಿಪಲ್ಯ, ಗುರೆಳ್ಳು ಚಟ್ನಿ. ಅಡುಗೆ ಹೊಸ ಸೊಸೆ ನೀಲಮ್ಮನದು. ಪಲ್ಯದ ಹುಳಿ, ಬೆಳ್ಳುಳ್ಳಿಯ ಒಗ್ಗರಣೆ, ಸಿಂಪ್ಲಿ ಡಿವೈನ್. ಆದರೂ ಕೊನೆಗೆ ಒಂದಿಷ್ಟು ಪಲ್ಯ ಬಿಟ್ಟೆ. ಲೇಡಿ ಎನಿಸಿಕೊಂಡವಳು ಪ್ಲೇಟನ್ನು ಬರಿದು ಮಾಡಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮ್ಯಾನರ್ಸ್ ಈ ಮುಪ್ಪಿನಲ್ಲೂ ಕೈಬಿಟ್ಟಿಲ್ಲ.

ಗಂಗಮ್ಮ ನನ್ನ ತಟ್ಟೆ ನೋಡಿ ಅಡುಗೆಮನೆಯ ಕಡೆ ತಿರುಗಿದರು. "ನಾ ಹೇಳಿದ್ನಿಲ್ಲ? ಬಂದೋರು ಉಣ್ಣದ ಬಿಟ್ರ ಮನಿ ಹೆಸರು ಏನಾಗ್ಬೇಕು? ನಾಳಿಂದ ಒಲಿ ನನಗ ಬಿಡವ್ವ, ನೀ ಕಸ ಮುಸುರಿ ನೋಡ್ಕೋ."

ನೀಲಮ್ಮ ಒಲೆಯ ಮುಂದೆ ತಲೆ ತಗ್ಗಿಸಿದಳು. ಅತ್ತೆಮನೆಯ ಒಲೆಯ ಮುಂದೆ ನಾನು ಕುಳಿತಿದ್ದ ಮೊದಲ ದಿನಗಳು ನೆನಪಾದವು.

"ರುಚಿ ಇಲ್ಲಂತ ಬಿಟ್ಟಿಲ್ಲರೀ. ಒಂದಿಷ್ಟು ಬಿಡೋದು ನಮ್ಮ ಸ್ಕೂಲಿನ ಮರ್ಯಾದೆ," ಎಂದೆ.

"ತಟ್ಟ್ಯಾಗ ಬಿಡೋದು ಎಂಥಾ ಮರ್ಯಾದಿರಿ ಅಮ್ಮಾರ? ನಮ್ಮಲ್ಲಿ ತಟ್ಟಿ ತೊಳದು ಆ ನೀರೂ ಕುಡೀತೀವಿ."

ನಾನು ತಟ್ಟೆಯನ್ನು ಎಳೆದುಕೊಂಡು, ಪಲ್ಯವನ್ನೆಲ್ಲ ಬೆರಳಿನಿಂದ ಬಳಿದು ತಿಂದೆ. "ನೀಲಮ್ಮ, ಇನ್ನೊಂದು ರೊಟ್ಟಿ ಹಾಕವ್ವ," ಎಂದೆ. ಅದನ್ನೂ ಮುಗಿಸಿ, ತಟ್ಟೆಗೆ ನೀರು ಹಾಕಿ ತೊಳೆದು ಕುಡಿದೆ.

"ಸಾಕ್ ಬಿಡ್ರಿ, ಈ ವಯಸ್ಸಿನಾಗ ಹೊಟ್ಟಿ ಕೆಡಿಸ್ಕೋಬ್ಯಾಡ್ರಿ," ಎಂದು ಗಂಗಮ್ಮ ನಕ್ಕರು. ಆಮೇಲೆ ನನ್ನ ಪಕ್ಕದಲ್ಲೇ ಕುಳಿತು, ತಮ್ಮ ತಟ್ಟೆಯನ್ನು ಸೊಸೆಯ ಕಡೆ ಸರಿಸಿದರು.

"ನನಗೂ ಹಾಕು. ಪಲ್ಯ ಜಾಸ್ತಿ ಇರ್ಲಿ."