ಚಿಕ್ಕಮ್ಮನ ಸಣ್ಣ ಬ್ರೇಕ್

“ಬುಟ್ಟಿ ಹಿಡಿದಿದ್ದ ಅಮ್ಮ ಎಲ್ಲಿ?” ತೆಂಗಿನಗುಂಡಿಯ ಕಡಲ ದಂಡೆಯಲ್ಲಿ ಸಿನಿಮಾ ನಿರ್ದೇಶಕರು ಕೂಗಿದಾಗ ನಾನೂ ಸುತ್ತ ಹುಡುಕಿ ನೋಡಿದೆ. ಆ ಅಮ್ಮ ನನ್ನ ಚಿಕ್ಕಮ್ಮ. ನಾಯಕಿಯ ಹಿಂದೆ ಮೀನಿನ ಬುಟ್ಟಿ ಹಿಡಿದು ನಿಲ್ಲುವುದಷ್ಟೇ ಅವರ ಪಾತ್ರ. ಅರ್ಧ ದೃಶ್ಯ ಮುಗಿದಿತ್ತು, ಸೂರ್ಯ ಮುಳುಗುವುದರಲ್ಲಿದ್ದ, ಚಿಕ್ಕಮ್ಮ ಮಾಯ!

ಅಷ್ಟರಲ್ಲಿ ದಂಡೆಯ ಮೇಲಿನ ನಮ್ಮ ಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಆರಾಮಾಗಿ ಬಂದರು.

“ಸಣ್ಣ ಬ್ರೇಕ್, ಎಲ್ಲೂ ಹೋಗಬೇಡಿ ಅಂದಿದ್ದೆನಲ್ಲಮ್ಮಾ?” ಎಂದರು ನಿರ್ದೇಶಕರು.

“ಅದ್ಕೇ ಹೋದೆ ಮಾರಾಯ್ರೆ! ನೀವು ಟೀವೀಲಿ ಹಂಗೆ ಅಂದಾಗೆಲ್ಲ ನಾ ಎದ್ದು ಮೀನು ಮಗುಚುಕೆ ಹೋಗ್ತಿದ್ದೆ. ಇವತ್ತೂ ಆ ಮಾತು ಕೇಳಿದ್ದೇ ಕಾಲು ತನ್ನಷ್ಟಕ್ಕೆ ಅಡುಗೆಮನೆಗೆ ಹೋತು.”

ವರ್ಷಗಟ್ಟಲೆ ಟೀವಿ ನಿರೂಪಕರಾಗಿದ್ದ ನಿರ್ದೇಶಕರಿಗೆ ಇದು ಮೊದಲ ಸಿನಿಮಾ. ಹಳೇ ಅಭ್ಯಾಸದಿಂದ ಚಿತ್ರೀಕರಣದ ವಿರಾಮಕ್ಕೂ ಅದೇ ಮಾತು ಬಾಯಿಗೆ ಬಂದಿತ್ತು. ಬೆಳಗಿನಿಂದ ಎಲ್ಲರ ಮೇಲೂ ರೇಗುತ್ತಿದ್ದವರು ಹಣೆ ಚಚ್ಚಿಕೊಂಡು ನಕ್ಕರು. “ಅಂದರೆ ಇಷ್ಟು ವರ್ಷ ನಾನು ಖಾಲಿ ಕುರ್ಚಿಗೆ ಹೇಳ್ತಿದ್ದೆ!” ಕೊನೆಯ ಬೆಳಕಿನಲ್ಲಿ ಉಳಿದ ದೃಶ್ಯ ಹೇಗೋ ಮುಗಿಯಿತು.

ಮೊನ್ನೆ ಕುಮಟಾದಲ್ಲಿ ಆ ಸಿನಿಮಾ ನೋಡಿದೆವು. ಮಧ್ಯಂತರದಲ್ಲಿ ಎಲ್ಲರೂ ಚಹಾಕ್ಕೆ ಎದ್ದರು, ಚಿಕ್ಕಮ್ಮ ಮಾತ್ರ ಅಲುಗಲಿಲ್ಲ. “ಬರುದಿಲ್ವಾ?” ಎಂದು ಕೇಳಿದೆ. ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: “ನೀ ಹೋಗು. ಈ ಸಲ ಅವ್ರು ಹೋಗಬೇಡಿ ಅಂದೇ ಇಲ್ಲ.”