ಬಟನ್ ಮೇಸ್ತ್ರಿಯ ಅಳತೆ ತಪ್ಪದ ಆಮೆ

ಒಬ್ಬ ಮೇಸ್ತ್ರಿ ಇದ್ದ. ಇದ್ದ ಅಂದೆನೆಂದು ಗಾಬರಿಯಾಗಬೇಡಿ, ಈಗಲೂ ಗಟ್ಟಿಮುಟ್ಟಾಗಿಯೇ ಇದ್ದಾನೆ, ತಾನೇ ಕಟ್ಟಿಸಿದ ಕಟ್ಟಡದ ಮೂರನೇ ಮಹಡಿಯಲ್ಲಿ. ಮೊದಲು ಕರಣೆ ಹಿಡಿದು ಗೋಡೆ ಕಟ್ಟುತ್ತಿದ್ದ. ಆಮೇಲೆ ಕರಣೆ ಹಿಡಿದವರನ್ನು ಬೈಯುವವನಾದ. ಅದರಲ್ಲಿ ಪಳಗಿದ ಮೇಲೆ ಕಂಟ್ರಾಕ್ಟರ್ ಆದ. ಎದುರಿಗೆ ಎಲ್ಲರೂ ‘ಸಾರ್’ ಅನ್ನುತ್ತಾರೆ, ಬೆನ್ನ ಹಿಂದೆ ‘ಬಟನ್ ಮೇಸ್ತ್ರಿ’. ಅವನ ಮನೆಯಲ್ಲಿ ಒತ್ತುವುದಕ್ಕೆ ಒಂದು ಬಟನ್ನೂ ಉಳಿದಿಲ್ಲ ಅನ್ನುವುದೇ ಆ ಹೆಸರಿನ ಗಮ್ಮತ್ತು. ದೀಪ, ಫ್ಯಾನು, ಪರದೆ, ಎಲ್ಲವೂ ಅವನ ಮಾತು ಕೇಳುತ್ತವೆ. ಅವನೊಬ್ಬ ಮಾತ್ರ ಯಾರ ಮಾತೂ ಕೇಳುವುದಿಲ್ಲ.

ಅಂಗಡಿಗೆ ಹೊಸ ಸಾಮಾನು ಬಂತೆಂದರೆ ಅದರ ಡಬ್ಬಿ ಒಡೆಯುವ ಮೊದಲ ಕೈ ಅವನದೇ ಆಗಬೇಕು. ಒಂದು ನೀರಿನ ಬಾಟಲಿ ತಂದ. ಕುಡಿಯುವ ಹೊತ್ತಾದಾಗ ಅದು ನೀಲಿ ಬೆಳಕು ಬಿಡುತ್ತದೆ. ಅಲ್ಲಿಗೆ ಅವನ ಬಾಯಾರಿಕೆ ಬಾಟಲಿಯ ಪಾಲಾಯಿತು. ಒಂದು ದಿನ ಬಿಸಿಲಲ್ಲಿ ನಿಂತು ಸ್ಲ್ಯಾಬು ಹಾಕಿಸುತ್ತಿದ್ದಾನೆ, ತುಟಿ ಒಣಗಿ ಬಿರಿದಿದೆ. ಜಲ್ಲಿ ಹೊರುತ್ತಿದ್ದ ಹೆಂಗಸಿಗೆ ಕನಿಕರ ಬಂತು.

“ಸಾರ್, ಬಾಟ್ಲಿ ತುಂಬ ನೀರಿದೆಯಲ್ಲ, ಕುಡೀಬಾರ್ದಾ?”

“ಇನ್ನೂ ಏಳು ನಿಮಿಷ ಇದೆ ಕಣಮ್ಮ,” ಅಂದ, ತೊದಲುತ್ತಾ.

ಆಮೇಲೆ ಬಂದದ್ದು ಹೊಟ್ಟೆಯೊಳಗೆ ಕ್ಯಾಮೆರಾ ಇರುವ ಫ್ರಿಜ್ಜು. ಕೆಲಸದ ಜಾಗದಲ್ಲಿ ಕೂತೇ ಫೋನಿನಲ್ಲಿ ಅದರ ಒಳಗನ್ನು ನೋಡುತ್ತಾನೆ. ನೋಡಿ ಸುಮ್ಮನಿರುತ್ತಾನೆಯೇ?

“ಲೇ, ಬೆಳಿಗ್ಗೆ ಎಡಗಡೆ ನಾಲ್ಕು ಮೊಟ್ಟೆ ಇದ್ದವು. ಈಗ ಮೂರಿವೆ.”

“ಒಂದು ನನ್ನ ಹೊಟ್ಟೇಲಿದೆ ರೀ,” ಅಂದಳು ಹೆಂಡತಿ. “ಅಲ್ಲಿಗೂ ಒಂದು ಕ್ಯಾಮೆರಾ ಇಳಿಸಿಬಿಡಿ, ಇಬ್ಬರಿಗೂ ನೆಮ್ಮದಿ.”

ಇನ್ನು ಪರದೆಗಳು. ಅವು ಅವನ ದನಿಗೆ ಮಾತ್ರ ತೆರೆಯುತ್ತಿದ್ದವು. ಮಳೆಗಾಲದಲ್ಲಿ ಅವನಿಗೆ ನೆಗಡಿಯಾಯಿತು, ದನಿ ಒಡೆದು ಕಪ್ಪೆಯ ಹಾಗಾಯಿತು. ಪರದೆಗಳು ಯಜಮಾನನನ್ನು ಗುರುತಿಸಲಿಲ್ಲ. ಮೂರು ದಿನ ಆ ಮನೆ ನಡುಹಗಲಲ್ಲಿ ದೀಪ ಹಚ್ಚಿಕೊಂಡು ಬದುಕಿತು. ಹೆಂಡತಿ ಕೈಯಿಂದ ಎಳೆಯಲು ಹೋದರೆ “ಮೋಟರ್ ಕೆಡುತ್ತೆ, ಮುಟ್ಟಬೇಡ!” ಅಂತ ಅದೇ ಕಪ್ಪೆದನಿಯಲ್ಲಿ ಕೂಗಿದ.

ಈಗ ಪಕ್ಕದ ಮನೆಗೆ ಬನ್ನಿ. ಗೋಡೆಯ ಆಚೆ ಇರುವವಳು ಅವನ ಸ್ವಂತ ಅಕ್ಕ. ಟೈಲರು. ಕೊರಳಲ್ಲಿ ಸದಾ ಅಳತೆಯ ಟೇಪು, ಬಾಯಲ್ಲಿ ಎರಡು ಗುಂಡುಪಿನ್ನು. ಪಿನ್ನು ಇಟ್ಟುಕೊಂಡೇ ಮಾತಾಡುವ ಅಭ್ಯಾಸವಾಗಿ ಅವಳ ಮಾತು ಯಾವಾಗಲೂ ಚುಟುಕು. ಅಪ್ಪ ಬಿಟ್ಟುಹೋದ ಜಾಗದಲ್ಲಿ ತಮ್ಮ ಈ ಕಟ್ಟಡ ಕಟ್ಟಿದಾಗ ಅಕ್ಕನ ಪಾಲಿಗೆ ಬಂದದ್ದು ಈ ಮನೆ. ಅಪ್ಪ ಬಡಗಿ, ಅಮ್ಮ ಟೈಲರು. ಅಮ್ಮನಿಗೆಂದು ಅಪ್ಪ ತನ್ನ ಕೈಯಾರೆ ಮಾಡಿದ್ದ ತೇಗದ ಮೇಜೊಂದಿತ್ತು, ಹತ್ತು ಅಡಿ ಉದ್ದ. ಬಟ್ಟೆ ಹಾಸಿ ಕತ್ತರಿಸುವ ಮೇಜು. ಅಕ್ಕ ತಮ್ಮ ಇಬ್ಬರೂ ಅದರ ಕೆಳಗೆ ಚಿಂದಿಬಟ್ಟೆಯ ರಾಶಿಯಲ್ಲಿ ಮಲಗಿ ಬೆಳೆದವರು.

ಮನೆ ಕಟ್ಟುವ ಮೊದಲು ಅಕ್ಕ ಕೇಳಿದ್ದು ಒಂದೇ. “ನನಗೆ ಬೇರೇನೂ ಬೇಡ. ಕೆಲಸದ ಕೋಣೆ ಹನ್ನೆರಡು ಅಡಿ ಇರ್ಲಿ. ಮೇಜು ಹತ್ತು, ಓಡಾಡೋಕೆ ಎರಡು.”

“ಹನ್ನೆರಡು ಅಂದ್ರೆ ಹನ್ನೆರಡು ಅಕ್ಕ,” ಅಂದಿದ್ದ ತಮ್ಮ. ಮನೆ ಮುಗಿದಾಗ ನೋಡಿದರೆ ಕೋಣೆ ಹತ್ತೇ ಅಡಿ. ಮೇಜು ಗೋಡೆಯಿಂದ ಗೋಡೆಗೆ ಬಿಗಿಯಾಗಿ ಕೂತಿತು. ಆ ಬದಿಗೆ ಹೋಗಬೇಕೆಂದರೆ ಅಕ್ಕ ಮೇಜಿನ ಕೆಳಗೆ ತೆವಳಬೇಕು.

“ಇದೇನೋ ತಮ್ಮಾ?”

“ಗೋಡೆ ತಿನ್ನುತ್ತೆ ಅಕ್ಕ,” ಅಂದ, ಮಗುವಿಗೆ ಪಾಠ ಹೇಳುವ ಹಾಗೆ. “ಪ್ಲಾನಿನಲ್ಲಿ ಹನ್ನೆರಡು ಇರುತ್ತೆ. ಇಟ್ಟಿಗೆ ಅಷ್ಟು, ಗಿಲಾವು ಅಷ್ಟು, ಟೈಲ್ಸು ಇಷ್ಟು ತಿನ್ನುತ್ತೆ. ನನ್ನ ಮನೆ ಹಾಲು ಹದಿನಾಲ್ಕು ಅಡಿ ಅಂತ ಬರೆದಿತ್ತು, ಹನ್ನೆರಡಕ್ಕೆ ಇಳೀತು. ನಾನು ಯಾರ ಹತ್ರ ಅಳ್ಲಿ?”

ಊರಿನವರ ಎದೆ, ಸೊಂಟ, ತೋಳೆಲ್ಲ ಅಳೆದವಳಿಗೆ ತಮ್ಮನ ಹಾಲಿಗೆ ಟೇಪು ಹಿಡಿಯಬೇಕು ಅಂತ ಹೊಳೆಯಲಿಲ್ಲ. ತಮ್ಮನಲ್ಲವೇ? ಒಂದು ಭಾನುವಾರ ಗರಗಸ ತರಿಸಿ ಅಮ್ಮನ ಮೇಜನ್ನು ಎರಡು ಅಡಿ ಕೊಯ್ಯಿಸಿದಳು. ತುಂಡು ಬಿದ್ದಾಗ ಬಡಿಯಬಾರದೆಂದು ಅದನ್ನು ಆನಿಸಿಕೊಂಡು ನಿಂತವನು ತಮ್ಮನೇ. ಆ ತುಂಡನ್ನು ಅವನೇ ಒಯ್ದ. “ಅಮ್ಮನ ನೆನಪಿಗೆ ಅಕ್ಕ,” ಅಂದ. ಅದು ಅವನ ಹಾಲಿನಲ್ಲಿ, ಗೋಡೆಯಷ್ಟಗಲದ ಟಿವಿಯ ಕೆಳಗೆ ಶೆಲ್ಫಾಯಿತು. ಬಾಟಲಿ, ವಾಚು, ಕಿವಿಗೆ ಸಿಕ್ಕಿಸುವ ಗುಬುಟುಗಳೆಲ್ಲ ಸಾಲಾಗಿ ಕೂತು ಚಾರ್ಜಾಗುವುದು ಅಮ್ಮನ ನೆನಪಿನ ಮೇಲೆಯೇ.

ಮೇಜು ಗಿಡ್ಡವಾದ ಮೇಲೆ ಅಕ್ಕನ ಕೆಲಸವೂ ಗಿಡ್ಡವಾಯಿತು. ಪರದೆ, ಉದ್ದನೆಯ ಗೌನುಗಳೆಲ್ಲ ಕೈಬಿಟ್ಟುಹೋಗಿ ಶಾಲೆಯ ಸಮವಸ್ತ್ರ, ತಲೆದಿಂಬಿನ ಚೀಲ ಉಳಿದವು. ಮಾತು ಕೇಳುವ ಪರದೆ ತರಿಸುವಾಗ ತಮ್ಮ ಬಟ್ಟೆಯ ಕೆಲಸವನ್ನೂ ಕಂಪನಿಗೇ ಕೊಟ್ಟ. “ನಿನಗೇ ಕೊಡೋಣ ಅಂತಿದ್ದೆ ಅಕ್ಕ. ನಿನ್ನ ಮೇಜು ಚಿಕ್ಕದಲ್ವಾ,” ಅಂತ ನೊಂದುಕೊಂಡು ಹೇಳಿದ.

ಹೀಗೆ ಐದು ವರ್ಷ ಕಳೆದಿರಲು, ಒಂದು ದಿನ ಹೊಸ ನಾಟಕಶಾಲೆಯ ಮ್ಯಾನೇಜರು ಅಕ್ಕನ ಬಾಗಿಲಿಗೆ ಬಂದರು. ರಂಗಕ್ಕೆ ಮಖಮಲ್ಲಿನ ಪರದೆ ಬೇಕು. ಒಂದಲ್ಲ, ಒಂಬತ್ತು ಜೋಡಿ. ಆಮೇಲೆ ವರ್ಷವಿಡೀ ರಿಪೇರಿ ಕೆಲಸವೂ ಇವಳಿಗೇ.

“ಹತ್ತಡಿ ಮೇಜು ಇರ್ಬೇಕಮ್ಮ. ಸುತ್ತ ಓಡಾಡೋಕೆ ಜಾಗಾನೂ. ಮಖಮಲ್ಲು ಮಡಿಸಿ ಕತ್ತರಿಸಿದ್ರೆ ಗೆರೆ ಬಿದ್ದುಬಿಡುತ್ತೆ. ಮುಂದಿನ ಗುರುವಾರ ಬಂದು ನೋಡ್ತೀನಿ. ಇಲ್ಲ ಅಂದ್ರೆ ಬೇರೆಯವರಿಗೆ ಕೊಡ್ಲೇಬೇಕಾಗುತ್ತೆ.”

ಅಕ್ಕ ಆ ಎಂಟಡಿ ಮೇಜಿನ ತುದಿಯಲ್ಲಿ ಕೂತು ಕೊಯ್ದ ಅಂಚನ್ನು ಹೆಬ್ಬೆರಳಿಂದ ಸವರುತ್ತಾ ಶುಕ್ರವಾರ, ಶನಿವಾರ ಕಳೆದಳು. ಎಲ್ಲಿ ಅಳೆದರೂ ಕೋಣೆ ಹತ್ತೇ ಅಡಿ.

ಭಾನುವಾರ ಬೆಳಿಗ್ಗೆ ತಮ್ಮ ಬಂದ, ಕಂಕುಳಲ್ಲಿ ದುಂಡನೆಯದೊಂದು ಯಂತ್ರ. ನೆಲ ಗುಡಿಸುವ ರೋಬೋ. ಅವನ ಹೆಂಡತಿ ಅದಕ್ಕಿಟ್ಟ ಹೆಸರು ಆಮೆ. ಅವನಿಗೆ ಹೊಸ ಮಾಡೆಲ್ಲು ಬಂದು ಎರಡು ವಾರವಾಗಿತ್ತು, ಹಳೆಯದು ಅಕ್ಕನಿಗೆ. ಅವನು ಬೇಸತ್ತ ಸಾಮಾನುಗಳೆಲ್ಲ ಕೊನೆಗೆ ಬಂದು ಸೇರುವುದು ಅಲ್ಲಿಗೇ. ತಾನಾಗಿ ಕಲಕುವ ಲೋಟದಲ್ಲಿ ಅಕ್ಕ ಬಟನ್ನು ಹಾಕಿಟ್ಟಿದ್ದಾಳೆ, ಹೆಜ್ಜೆ ಎಣಿಸುವ ಶೂ ಬಾಗಿಲಿಗೆ ಅಡ್ಡ ಇಡಲು ಬರುತ್ತದೆ.

ಹಿಂದೆಯೇ ಹೆಂಡತಿ ಚಹಾ ಹಿಡಿದು ಬಂದಳು. “ಅಕ್ಕ, ಇದು ಗುಡಿಸೋ ಮುಂಚೆ ಕುರ್ಚಿ ಎತ್ತಿಡಬೇಕು, ಚಾಪೆ ಸುತ್ತಬೇಕು, ದಾರ ಆರಿಸಬೇಕು. ಅಷ್ಟು ಮಾಡಿದ್ರೆ ಮಿಕ್ಕಿದ್ದನ್ನ ಗುಡಿಸುತ್ತೆ.”

“ಮಿಕ್ಕಿರೋದೇನು?”

“ಏನೂ ಇಲ್ಲ.”

“ನಿಮಗೇನು ಗೊತ್ತು!” ಅಂದ ತಮ್ಮ. “ಗುಡಿಸೋದು ಬಿಡಿ, ಇದರ ಅಳತೆ ನೋಡಿ. ಗೋಡೆ ಮುಟ್ಟಿ ಮುಟ್ಟಿ ನಕ್ಷೆ ಬರೆಯುತ್ತೆ. ಸರ್ವೇ ಮಾಡೋರು ತಪ್ಪಬಹುದು, ನಾನು ತಪ್ಪಬಹುದು. ಇದು ಬೆರಳಗಲ ತಪ್ಪಲ್ಲ. ಇದಕ್ಕೆ ಯಾರೂ ಮೋಸ ಮಾಡೋಕಾಗಲ್ಲ.”

ಅಕ್ಕನ ಫೋನಿಗೆ ಆಪು ಹಾಕಿಕೊಟ್ಟ. ಆಮೆ ಗುಯ್ ಎನ್ನುತ್ತಾ ಕೋಣೆ ಸುತ್ತಿತು, ಒಂದು ಮಾರು ದಾರ ನುಂಗಿತು, ಕೆಮ್ಮಿ ನಿಂತಿತು. ಅಷ್ಟರಲ್ಲಿ ಫೋನಿನ ಮೇಲೆ ಕೋಣೆ ಮೂಡಿತ್ತು.

“ನೋಡು, ಹತ್ತು ಅಡಿ! ಕರಾರುವಾಕ್ಕು!”

ಅಕ್ಕ ಬಾಯಿಂದ ಪಿನ್ನು ತೆಗೆಯದೆ ಗಾಜಿನ ಮೇಲೆ ಬೆರಳು ಸರಿಸಿದಳು. ಇನ್ನೊಂದು ನಕ್ಷೆ ಬಂತು.

“ಇದ್ಯಾರ ಮನೆಯೋ?”

“ಅದಾ? ನಮ್ಮದೇ. ಹಳೇದು ಅದರಲ್ಲೇ ಉಳಿದುಬಿಟ್ಟಿದೆ. ಕೊಡು ಅಳಿಸ್ತೀನಿ.”

“ಇರು.” ಕಣ್ಣಿನ ಹತ್ತಿರ ಹಿಡಿದಳು. “ಹಾಲು ಹದಿನಾರು ಅಡಿ ಅಂತಿದೆ.”

ಮೇಸ್ತ್ರಿಯ ಬಾಯಿ ಒಣಗಿತು. ಬಾಟಲಿ ಇನ್ನೂ ನೀಲಿಯಾಗಿರಲಿಲ್ಲ.

“ಹದಿನಾಲ್ಕು ಅಂತ ಪ್ಲಾನು, ಹನ್ನೆರಡಕ್ಕೆ ಇಳೀತು ಅಂದಿದ್ದೆಯಲ್ಲ ನೀನು.”

“ಹಳೇ ಮಾಡೆಲ್ಲು ಅಕ್ಕ. ತಲೆ ಕೆಟ್ಟಿದೆ ಅದಕ್ಕೆ. ಅದಕ್ಕೇ ನಿನಗೆ ಕೊಟ್ಟಿದ್ದು.”

“ಹೊಸದೂ ಹದಿನಾರೇ ತೋರಿಸುತ್ತೆ ರೀ,” ಅಂದಳು ಹೆಂಡತಿ, ಚಹಾ ಆರಿಸಿಕೊಳ್ಳುತ್ತಾ. “ಮೊನ್ನೆ ನೀವೇ ತೋರಿಸಿದ್ರಲ್ಲ.”

ಅಕ್ಕ ಈಗ ಪಿನ್ನು ತೆಗೆದು ಮೇಜಿನ ಮೇಲಿಟ್ಟಳು. ಅವಳು ಪಿನ್ನು ತೆಗೆದು ಮಾತಾಡಿದ್ದನ್ನು ತಮ್ಮ ಚಿಕ್ಕಂದಿನಿಂದ ಎರಡೇ ಸಲ ನೋಡಿದ್ದ.

“ನೋಡೋ, ಒಂದು ಥಾನು ಬಟ್ಟೇಲಿ ಇಬ್ಬರಿಗೆ ಅಂಗಿ ಕತ್ತರಿಸಿದೆ ಅಂತಿಟ್ಕೋ. ಒಬ್ಬರ ಅಂಗಿ ಎರಡು ಗೇಣು ಗಿಡ್ಡ ಆಯ್ತು, ಇನ್ನೊಬ್ಬರದು ಎರಡು ಗೇಣು ಉದ್ದ ಆಯ್ತು. ಬಟ್ಟೆ ಕತ್ತರಿ ತಿಂತು ಅಂದ್ರೆ ಗಿರಾಕಿ ನನ್ನ ಸುಮ್ಮನೆ ಬಿಡ್ತಾರಾ?”

ತಮ್ಮ ಪರದೆಯ ಕಡೆ ನೋಡಿದ. ಇಲ್ಲಿಯ ಪರದೆಗೆ ಕಿವಿ ಇರಲಿಲ್ಲ.

“ಟಿವಿ ಅಕ್ಕ,” ಅಂದ ಕೊನೆಗೆ, ಸಣ್ಣ ದನಿಯಲ್ಲಿ. “ಆ ಸೈಜಿನ ಟಿವಿ ನೋಡೋಕೆ ಇಷ್ಟು ದೂರ ಕೂರ್ಬೇಕು ಅಂತ ಅದರ ಪುಸ್ತಕದಲ್ಲಿ ಬರೆದಿತ್ತು. ಎರಡೇ ಅಡಿ ಕಮ್ಮಿ ಬಿತ್ತು. ಮೇಜು ಹೇಗಾದ್ರೂ ಸರಿಹೋಗುತ್ತೆ ಅಂದ್ಕೊಂಡೆ.”

ಅಷ್ಟರಲ್ಲಿ ಅವನ ವಾಚು ಕುಂಯ್ ಎಂದಿತು: ‘ನಿಮ್ಮ ಎದೆಬಡಿತ ಹೆಚ್ಚಾಗಿದೆ. ಒಂದು ನಿಮಿಷ ದೀರ್ಘವಾಗಿ ಉಸಿರಾಡಿ.’

“ಉಸಿರಾಡು,” ಅಂದಳು ಅಕ್ಕ. “ಅಮ್ಮನ ಮೇಜು ಕೊಯ್ಯೋವಾಗ ತುಂಡು ಹಿಡ್ಕೊಂಡು ನಿಂತಿದ್ದೆಯಲ್ಲ ನೀನು. ಅಷ್ಟು ಹೊತ್ತೂ ನಿನಗೆ ಗೊತ್ತಿತ್ತು. ‘ಬೇಡ, ನಿಲ್ಲಿಸು’ ಅನ್ನೋಕೆ ಬಾಯಿ ಬರಲಿಲ್ಲ. ಗುರುವಾರ ಮ್ಯಾನೇಜರು ಬರ್ತಾರೆ. ನಾಳೆ ಈ ನಡುವಿನ ಗೋಡೆ ಒಡೀಬೇಕು.”

“ಕಟ್ಟಡಾನೇ ಕುಸಿಯುತ್ತೆ ಅಕ್ಕ!”

“ಈ ಕಡೆಗೆ ಸರಿಸಿದಾಗ ಕುಸೀಲಿಲ್ಲವಲ್ಲ. ಆ ಕಡೆಗೆ ಸರಿಸಿದ್ರೂ ನಿಲ್ಲುತ್ತೆ. ಆಳು ಕರೆಸಬೇಡ. ನೀನೇ ಕಟ್ಟು.”

ಅವನು ಹೆಂಡತಿಯ ಮುಖ ನೋಡಿದ, ಬೆಂಬಲಕ್ಕೆ. ಅವಳಾಗಲೇ ಎದ್ದಿದ್ದಳು. ಮನೆಗೆ ಹೋಗಿ ಶೆಲ್ಫಿನ ಮೇಲಿದ್ದ ಗುಬುಟು, ವೈರುಗಳನ್ನೆಲ್ಲ ಬಟ್ಟೆಯ ಬುಟ್ಟಿಗೆ ಬಳಿದು ಹಾಕಿ, ತರಕಾರಿ ಹೆಚ್ಚುವ ಚಾಕುವಿನ ತುದಿಯಿಂದಲೇ ತಿರುಪು ಬಿಚ್ಚಿ, ಆ ತೇಗದ ತುಂಡನ್ನು ಎದೆಗವುಚಿಕೊಂಡು ವಾಪಸ್ಸು ಬಂದಳು. “ತಗೊಳ್ಳಿ ಅಕ್ಕ. ಇದು ನಿಮ್ಮದು.”

ಸೋಮವಾರ ಟಿವಿ ಇಳಿಯಿತು, ಗೋಡೆ ಉರುಳಿತು. ಇಡೀ ಕಟ್ಟಡದವರು ಧೂಳು ನೋಡುವ ನೆಪದಲ್ಲಿ ಮೂರನೇ ಮಹಡಿ ಹತ್ತಿ ಇಳಿದರು. ಮಂಗಳವಾರ ಬಟನ್ ಮೇಸ್ತ್ರಿ ಹನ್ನೊಂದು ವರ್ಷದ ಮೇಲೆ ಮತ್ತೆ ಕರಣೆ ಹಿಡಿದ. ನೇರ ನೋಡುವುದಕ್ಕೆಂದು ಕೆಂಪು ಬೆಳಕು ಬಿಡುವ ಯಂತ್ರ ತಂದರೆ ಅದು ‘ಅಪ್‌ಡೇಟ್ ಆಗುತ್ತಿದೆ, ಕಾಯಿರಿ’ ಅಂದಿತು. ಅಕ್ಕ ತನ್ನ ಉಂಡೆಯಿಂದ ಬಿಳಿ ದಾರ ಹರಿದುಕೊಟ್ಟಳು, ತೂಕಕ್ಕೆಂದು ತುದಿಗೆ ಕಟ್ಟಲು ಇಸ್ತ್ರಿಪೆಟ್ಟಿಗೆಯ ಒಂದು ತಿರುಪು ಕೊಟ್ಟಳು. ಅವನು ಒಂದು ವರಸೆ ಇಟ್ಟಿಗೆ ಇಡುವುದು, ಅವಳು ಟೇಪು ಹಿಡಿಯುವುದು. ಹನ್ನೆರಡು. ಮತ್ತೊಂದು ವರಸೆ. ಹನ್ನೆರಡು. ನಾಲ್ಕನೇ ವರಸೆಯಲ್ಲಿ ಅರ್ಧ ಇಂಚು ಒಳಗೆ ಬಂತು.

“ಬಿಚ್ಚು.”

“ಅಕ್ಕ, ಅರ್ಧ ಇಂಚು...”

“ಬಿಚ್ಚು ಅಂದೆ.”

ಬಿಚ್ಚಿದ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಸಂಜೆ ವಾಚು ಬಣ್ಣಬಣ್ಣದ ಚುಕ್ಕಿ ಹಾರಿಸಿ ಅಭಿನಂದಿಸಿತು: ‘ಭೇಷ್! ಈ ವರ್ಷದ ಅತ್ಯುತ್ತಮ ದಿನ ನಿಮ್ಮದು!’

ಗುರುವಾರ ಮ್ಯಾನೇಜರು ಬಂದಾಗ ಗೋಡೆಗೆ ಗಿಲಾವು ಬಿದ್ದಿರಲಿಲ್ಲ, ಇಟ್ಟಿಗೆಯ ಹಸಿವಾಸನೆ ಕೋಣೆ ತುಂಬಿತ್ತು. ಬಡಗಿಯೊಬ್ಬ ಮೇಜಿಗೆ ತುಂಡು ಸೇರಿಸಿ ಕೆಳಗೆ ಪಟ್ಟಿ ಹೊಡೆದಿದ್ದ. ಮ್ಯಾನೇಜರು ಮೇಜಿನ ಸುತ್ತ ಒಂದು ಸುತ್ತು ಬಂದು, ಕೈಯಾಡಿಸಿ, ಜೋಡಿಸಿದ ಕಡೆ ನಿಂತರು.

“ಇಲ್ಲೊಂದು ಗೆರೆ ಸಿಗುತ್ತಲ್ಲಮ್ಮ.”

“ಮೇಲೆ ಕಂಬಳಿ ಹಾಸ್ತೀನಿ, ಬಟ್ಟೆಗೆ ತಾಗಲ್ಲ,” ಅಂದಳು ಅಕ್ಕ, ಪಿನ್ನು ಕಚ್ಚಿಕೊಂಡೇ. “ನನಗೆ ಮಾತ್ರ ಸಿಗ್ತಿರುತ್ತೆ.”

ಮರುದಿನವೇ ಮಖಮಲ್ಲಿನ ಮೊದಲ ಥಾನು ಬಂತು.

ಈಗ ಮೇಸ್ತ್ರಿಯ ಹಾಲು ಪ್ಲಾನಿನಲ್ಲಿದ್ದಷ್ಟೇ ಇದೆ. ಟಿವಿಯನ್ನು ಹೊಸ ಗೋಡೆಗೆ ತಗುಲಿಹಾಕಿದ್ದಾನೆ. ಆದರೆ ಅದಕ್ಕೂ ಒಂದು ಕಣ್ಣಿದೆ. ಸೋಫಾದಲ್ಲಿ ಕೂತರೆ ‘ನೀವು ತುಂಬಾ ಹತ್ತಿರದಲ್ಲಿದ್ದೀರಿ’ ಅಂತ ಚಿತ್ರವನ್ನೇ ಆರಿಸಿಬಿಡುತ್ತದೆ. ಹಾಗಾಗಿ ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ನಿಂತು ವಾರ್ತೆ ನೋಡುತ್ತಾರೆ. ನಿಂತಿದ್ದಾರಲ್ಲ ಅಂತ ಹೆಂಡತಿ ಕೈಗೆ ಬೆಳ್ಳುಳ್ಳಿ ಕೊಡುತ್ತಾಳೆ, ಸುಲಿಯುತ್ತಾರೆ.

ಹೊಸ ಮಾಡೆಲ್ಲಿನ ಆಮೆಗೆ ಮಾತ್ರ ಈ ಗೋಡೆಯ ಮೇಲೆ ನಂಬಿಕೆ ಬಂದಿಲ್ಲ. ಅದರ ತಲೆಯಲ್ಲಿ ಹಾಲು ಇನ್ನೂ ಹದಿನಾರೇ ಅಡಿ. ದಿನಾ ಹತ್ತು ಗಂಟೆಗೆ ಗುಯ್ ಅಂತ ಹೋಗಿ ಗೋಡೆಗೆ ಧಡ್ ಅಂತ ಹಾಯುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಹಾಯುತ್ತದೆ. ಆಚೆ ಕತ್ತರಿಯ ಸದ್ದು ನಿಲ್ಲುತ್ತದೆ.

“ಯಾರದು?” ಅಕ್ಕ ಕೂಗುತ್ತಾಳೆ.

“ಆಮೆ ಅಕ್ಕ!” ಹೆಂಡತಿ ಇಲ್ಲಿಂದ. “ಎರಡು ಅಡಿ ಹುಡುಕ್ತಾ ಇದೆ.”

“ಇಲ್ಲಿ ಮಖಮಲ್ಲು ಹಾಸಿದೀನಿ, ಜಾಗ ಇಲ್ಲ ಅನ್ನು.”

ಮೇಸ್ತ್ರಿ ಬೆಳ್ಳುಳ್ಳಿ ಕೆಳಗಿಟ್ಟು, ಬಗ್ಗಿ, ಆಮೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಖ ತಿರುಗಿಸಿ ಬಿಡುತ್ತಾನೆ. ಅದು ಸ್ವಲ್ಪ ದೂರ ಹೋಗುತ್ತದೆ, ಯೋಚಿಸುತ್ತದೆ, ಮತ್ತೆ ಗೋಡೆಯ ಕಡೆಗೇ ಹೊರಡುತ್ತದೆ.