ಊರ ಗಡಿಯೊಳಗೆ ತರಕೂಡದು

ಅಮ್ಮನ ಅಸ್ಥಿಯನ್ನು ಕೆಂಟ್ ಕಡೆಯ ಚಿತಾಗಾರದಿಂದ ತಂದ ದಿನವೇ ಮೈಸೂರಿನಿಂದ ಅಕ್ಕ ಫೋನು ಮಾಡಿದಳು. ಊಟ ಮಾಡಿದೆಯಾ, ನಿದ್ದೆ ಬಂತಾ ಎಂಬುದೆಲ್ಲ ಆಮೇಲೆ. ಮೊದಲ ಮಾತೇ, “ನೋಡು, ಅದನ್ನ ಮನೆ ಒಳಗೆ ಮಾತ್ರ ತರಬೇಡ. ಹೊರಗಡೆ ಯಾವುದಾದ್ರೂ ಮರಕ್ಕೆ ಕಟ್ಟು.”

ಈ ಪರದೇಶದಲ್ಲಿ, ಕ್ರಾಸ್‌ರೋಡ್ಸ್ ಬಡಾವಣೆಯ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ನಾನು ಯಾವ ಮರಕ್ಕೆ ಕಟ್ಟಲಿ? ಇರುವ ನಾಲ್ಕಾರು ಮರಗಳು ಪಾರ್ಕಿಂಗ್ ಜಾಗದವು. ಗಂಟು ನೇತಾಡುವುದನ್ನು ಕಂಡರೆ ಯಾರಾದರೂ ಪೊಲೀಸರನ್ನೇ ಕರೆದಾರು. ಬಾಲ್ಕನಿಯಲ್ಲಿ ಏನನ್ನೂ ತೂಗುಹಾಕಬಾರದೆಂದು ಮ್ಯಾನೇಜರ್ ನೋಟಿಸ್ ಬೇರೆ ಅಂಟಿಸಿದ್ದಳು. ಅಸ್ಥಿ ಬಿಡುವುದು ಶ್ರೀರಂಗಪಟ್ಟಣದಲ್ಲೇ ಎಂದು ಅಕ್ಕನ ಹಟ. ಕಾಲೇಜಿನ ಟರ್ಮ್ ಮುಗಿಯದೆ ನಾನು ಹೊರಡುವಂತಿಲ್ಲ. ಹಾಗಾಗಿ ಅಮ್ಮ ಕಾರಿನಲ್ಲೇ ಉಳಿದಳು. ಡಿಕ್ಕಿಯಲ್ಲಿಡಲು ಮನಸ್ಸು ಒಪ್ಪಲಿಲ್ಲ. ಅಸ್ಥಿಯ ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿದೆ.

ನಾನು ಪ್ರಾಚೀನ ಇತಿಹಾಸ ಪಾಠ ಮಾಡುವವಳು, ಅದೂ ಖಾಯಂ ಅಲ್ಲ. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ನಡುವೆ ಟ್ರಾಫಿಕ್ಕಿನಲ್ಲಿ ತಿಂದ ಚಪಾತಿ ರೋಲೇ ಊಟ. ಸಾವಿಗೂ ರಜೆ ಕೇಳಲು ಹಿಂಜರಿಯುವ ನೌಕರಿ ಅದು. ನನಗೆ ಸಾಕುಸಾಕಾಗಿತ್ತು.

ಆ ವಾರದ ಪಾಠ ರೋಮನ್ನರ ಊರಾಡಳಿತದ ಕಾನೂನು. ನಮ್ಮಲ್ಲಿ ತಾಮ್ರಶಾಸನಗಳಿದ್ದಂತೆ ಅವರು ಕಾನೂನನ್ನು ಕಂಚಿನ ಹಲಗೆಗಳ ಮೇಲೆ ಕೊರೆಸಿ, ಜನ ಓದಲೆಂದು ಊರಲ್ಲಿ ನಿಲ್ಲಿಸುತ್ತಿದ್ದರು. ಸ್ಪೇನಿನ ಉರ್ಸೋ ಎಂಬ ಊರಿನ ಹಲಗೆಗಳು ಇಂದಿಗೂ ಉಳಿದಿವೆ. ವರ್ಷವರ್ಷವೂ ತೋರಿಸುವ ಚಿತ್ರವನ್ನೇ ಪರದೆಯ ಮೇಲೆ ಹಾಕಿ ಓದತೊಡಗಿದೆ: ನೇಗಿಲಿನಿಂದ ಗೆರೆ ಎಳೆದ ಊರ ಗಡಿಯೊಳಕ್ಕೆ ಸತ್ತವರನ್ನು ಯಾರೂ ತರಕೂಡದು, ಹೂಳಕೂಡದು, ಸುಡಕೂಡದು, ಸಮಾಧಿ ಕಟ್ಟಕೂಡದು, ತಪ್ಪಿದರೆ ದಂಡ. ಓದುತ್ತಿದ್ದಂತೆ, ಎರಡು ಸಾವಿರ ವರ್ಷದ ಹಿಂದಿನ ಯಾವನೋ ಅಧಿಕಾರಿ ನಮ್ಮಕ್ಕನ ದನಿಯಲ್ಲೇ ಗದರಿದಂತಿತ್ತು.

ಮಿಲ್ ಕ್ರೀಕ್‌ನಿಂದ ಬರುವ, ನಿವೃತ್ತಳಾದ ಮೇಲೆ ಓದಲು ಸೇರಿದ ಹೆಂಗಸೊಬ್ಬಳು ಕೇಳಿದಳು, “ಜನ ಇದನ್ನು ಪಾಲಿಸುತ್ತಿದ್ದರಾ?”

ಈ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರವಿದೆ. “ಯಾರೂ ಮಾಡದ ಕೆಲಸವನ್ನು ಬೇಡವೆಂದು ಕಂಚಿನಲ್ಲಿ ಕೊರೆಸುವುದಿಲ್ಲ. ತರುವವರು ಇದ್ದಿರಬೇಕು.”

“ಯಾಕೆ ತರುತ್ತಿದ್ದರು?” ಎಂದಳು.

ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಮುಂದಿನ ತರಗತಿಯಲ್ಲಿ ನೋಡೋಣ ಎಂದು ಜಾರಿಕೊಂಡೆ.

ಚಳಿಗಾಲವಾದ್ದರಿಂದ ಮನೆ ಮುಟ್ಟಿದಾಗ ಸಂಜೆಗೆ ಮುಂಚೆಯೇ ಕತ್ತಲಾಗಿತ್ತು. ಎಂಜಿನ್ ಆರಿಸಿದ್ದೇ ತಡ ಕಾರು ತಣ್ಣಗಾಯಿತು. ಅಮ್ಮ ಇಲ್ಲಿ ಬೇಸಿಗೆಯಲ್ಲೂ ಕಾಲುಚೀಲ ಬಿಚ್ಚುತ್ತಿರಲಿಲ್ಲ. ಆದರೆ ಮಡಿಮೈಲಿಗೆಯಲ್ಲಿ ಅಕ್ಕನಿಗಿಂತ ಒಂದು ಕೈ ಮೇಲೆ. ಬದುಕಿದ್ದರೆ ಹೊಸ್ತಿಲಲ್ಲೇ ತಡೆದು ಬೈಯುತ್ತಿದ್ದಳು. ನನಗೂ ಅಂಜಿಕೆಯೇನೂ ಇರಲಿಲ್ಲವೆಂದರೆ ಸುಳ್ಳು. ಆದರೂ ಬೆಲ್ಟ್ ಬಿಚ್ಚಿ, ಪೆಟ್ಟಿಗೆಯನ್ನು ಎದೆಗವಚಿಕೊಂಡು ಒಳಗೆ ತಂದು ಹೀಟರ್ ಪಕ್ಕದ ಕುರ್ಚಿಯ ಮೇಲಿಟ್ಟೆ. ಸ್ನಾನವನ್ನೂ ಮಾಡದೆ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಅಷ್ಟರಲ್ಲಿ ಅಕ್ಕನ ಫೋನು.

“ಎಲ್ಲಿಟ್ಟಿದೀಯ?”

“ಒಳಗೆ. ಕಾರಲ್ಲಿ ತುಂಬಾ ಚಳಿ ಕಣೆ.”

ಬೈಗುಳಕ್ಕೆ ಕಾದೆ.

“ಏನಾದ್ರೂ ಹೊದಿಸೇ,” ಎಂದಳು. ಅಮ್ಮ ಹೋದ ಮೇಲೆ ಅಕ್ಕ ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು.